ಬಾಡಿಗೆಯ ತಂತ್ರಾಂಶ, ಸ್ವಂತದ ಲೆಕ್ಕ

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಚಂದಾದಾರರಾಗಿದ್ದಾರೆ. ವರ್ಷದ ಚಂದಾ ತೀರಿದ ಮೇಲೆ ಅದನ್ನು ಮುಂದುವರಿಸದಿದ್ದರೆ ಹೊಸ ಸಂಚಿಕೆ ಬರುವುದು ನಿಲ್ಲುವುದೇ ಹೊರತು, ಕಪಾಟಿನಲ್ಲಿ ಜೋಡಿಸಿಟ್ಟ ಹಳೆಯ ಸಂಚಿಕೆಗಳನ್ನು ಯಾರೂ ಬಂದು ಹೊತ್ತುಕೊಂಡು ಹೋಗುವುದಿಲ್ಲ. ಇಂದು ಇದೇ ‘ಚಂದಾ’ ಎಂಬ ಮಾತನ್ನು ಗಣಕಯಂತ್ರದ ತಂತ್ರಾಂಶಗಳಿಗೂ ಬಳಸುತ್ತಿದ್ದೇವೆ. ಅಲ್ಲಿ ಅದರ ಅರ್ಥ ಬೇರೆ. ಚಂದಾ ನಿಂತೊಡನೆ ತಂತ್ರಾಂಶ ಮುಚ್ಚಿಕೊಳ್ಳುತ್ತದೆ. ಮುಂಚಿತವಾಗಿ ವ್ಯವಸ್ಥೆ ಮಾಡಿಕೊಂಡಿರದಿದ್ದರೆ ಅದರೊಳಗೆ ನಾವೇ ಬರೆದಿಟ್ಟ ಲೆಕ್ಕವೂ ನಮ್ಮ ಕೈಗೆ ಸಿಕ್ಕದೆ ಹೋಗಬಹುದು. ಮಾತು ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಗಡಿಯ ಅಂಚಿನಲ್ಲಿರುವ ಗ್ರಾಮ. ಅಡಿಕೆ, ತೆಂಗು, ರಬ್ಬರು, ಕರಿಮೆಣಸು ಆ ಕಡೆಯ ಬೆಳೆಗಳು. ಅರೆಭಾಷೆ, ತುಳು, ಕನ್ನಡ, ಮಲೆಯಾಳ ಆ ಕಡೆಯ ನುಡಿಗಳು. ಇಂಥ ಊರೊಂದರ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಮನಸ್ಸಿಗೆ ತಂದುಕೊಳ್ಳೋಣ. ನೋಡುವುದಕ್ಕೆ ಒಂದು ಸಾಧಾರಣ ಕಟ್ಟಡ, ನಾಲ್ಕಾರು ಮಂದಿ ಸಿಬ್ಬಂದಿ. ಆದರೆ ಒಳಗಿನ ವ್ಯವಹಾರ ಸಣ್ಣದೆನ್ನುವಂತಿಲ್ಲ. ಬೆಳೆಸಾಲ, ಠೇವಣಿ, ಗೊಬ್ಬರ, ಪಡಿತರ, ಮಳೆಗಾಲಕ್ಕೆ ಮುನ್ನ ಕೊಳೆರೋಗದ ಬೋರ್ಡೋ ದ್ರಾವಣಕ್ಕೆ ಬೇಕಾಗುವ ಮೈಲುತುತ್ತು, ದಾಸ್ತಾನಿಟ್ಟ ಅಡಿಕೆಯ ಈಡಿನ ಮೇಲೆ ಕೊಡುವ ಸಾಲ, ಇಷ್ಟೆಲ್ಲದರ ಲೆಕ್ಕವೂ ಅಲ್ಲಿ ನಡೆಯಬೇಕು. ಹಿಂದೆ ದಪ್ಪ ರಟ್ಟಿನ ಖಾತೆಪುಸ್ತಕಗಳಲ್ಲಿದ್ದ ಈ ಲೆಕ್ಕ ಈಗ ಗಣಕಯಂತ್ರಕ್ಕೆ ಹೋಗಿದೆ. ಕೃಷಿಕನೊಬ್ಬನು ಇಪ್ಪತ್ತು ವರ್ಷ ಸಾಲ ಪಡೆದು ತೀರಿಸಿದ ನಡೆವಳಿಕೆಗೆ ಇರುವ ಸಾಕ್ಷಿ ಇದೊಂದೇ. ಮಗಳ ಮದುವೆಗೆಂದು ತಾಯಿಯೊಬ್ಬಳು ಇಟ್ಟ ಠೇವಣಿಗೂ ಇದೇ ಸಾಕ್ಷಿ.

ಈ ಸಂಘದ ನಿರ್ದೇಶಕರ ಮುಂದೆ ಒಂದು ಪ್ರಶ್ನೆ ಬಂದಿದೆಯೆಂದು ಇಟ್ಟುಕೊಳ್ಳೋಣ. ತಿಂಗಳ ಚಂದಾ ಕೊಟ್ಟು ಸಿದ್ಧ ತಂತ್ರಾಂಶವನ್ನು ಬಳಸುವುದೇ, ಅಥವಾ ಪುತ್ತೂರಿನಿಂದಲೋ ಮಂಗಳೂರಿನಿಂದಲೋ ಬಲ್ಲವರನ್ನು ಕರೆಸಿ ಸಂಘಕ್ಕೆಂದೇ ಒಂದು ತಂತ್ರಾಂಶವನ್ನು ಕಟ್ಟಿಸುವುದೇ?

ಮೊದಲು ಚಂದಾ ತಂತ್ರಾಂಶದ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬೇಕು. ದೂರದ ನಗರವೊಂದರ ದತ್ತಾಂಶ ಕೇಂದ್ರದಲ್ಲಿ ಒಂದೇ ತಂತ್ರಾಂಶ ಓಡುತ್ತಿರುತ್ತದೆ. ಸಾವಿರಾರು ಸಂಸ್ಥೆಗಳು ಅದನ್ನೇ ಬಳಸುತ್ತವೆ. ಅನೇಕ ವೇಳೆ ಅವುಗಳೆಲ್ಲದರ ಲೆಕ್ಕವೂ ಒಂದೇ ದತ್ತಕೋಶದಲ್ಲಿ ಕೂಡಿರುತ್ತದೆ; ಪ್ರತಿಯೊಂದು ಸಾಲಿನ ಜೊತೆಗೂ ‘ಇದು ಇಂಥ ಸಂಸ್ಥೆಯದು’ ಎಂಬ ಗುರುತಿನ ಸಂಖ್ಯೆಯೊಂದು ಅಂಟಿಕೊಂಡಿರುತ್ತದೆ. ಮಂಡೆಕೋಲಿನವರು ತೆರೆದಾಗ ಆ ಸಂಖ್ಯೆಯ ಸಾಲುಗಳು ಮಾತ್ರ ಅವರಿಗೆ ಕಾಣುತ್ತವೆ. ತಿದ್ದುಪಡಿಯನ್ನು ಒಂದು ಕಡೆ ಮಾಡಿದರೆ ಸಾವಿರ ಕಡೆಗೂ ಆಯಿತು. ಖರ್ಚು ಹಂಚಿಹೋಗುವುದರಿಂದ ಚಂದಾ ಅಗ್ಗ. ಭತ್ತ ಕುಟ್ಟಿಸಲು ಪ್ರತಿಯೊಬ್ಬರೂ ಗಿರಣಿ ಹಾಕಿಸಬೇಕಾಗಿಲ್ಲವಷ್ಟೆ, ಅದರಂತೆಯೇ ಇದೂ. ಒಂದೇ ಭೇದವೆಂದರೆ, ಗಿರಣಿಗೆ ಕೊಟ್ಟ ಭತ್ತ ಅಕ್ಕಿಯಾಗಿ ಸಂಜೆಗೆ ಮನೆಗೆ ಬರುತ್ತದೆ. ಇಲ್ಲಿ ಕೊಟ್ಟುದು ಅಲ್ಲಿಯೇ ಉಳಿಯುತ್ತದೆ.

ಬಾಡಿಗೆಯ ಪದ್ಧತಿಯೇನೂ ಹೊಸದಲ್ಲ. ಐಬಿಎಂ ಕಂಪನಿಯು ಬಹುಕಾಲ ತನ್ನ ಲೆಕ್ಕದ ಯಂತ್ರಗಳನ್ನು ಮಾರುತ್ತಲೇ ಇರಲಿಲ್ಲ, ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ೧೯೫೬ರಲ್ಲಿ ಅಮೆರಿಕದ ನ್ಯಾಯಾಲಯದ ತೀರ್ಪಿಗೆ ಒಪ್ಪಿದ ಮೇಲೆಯೇ ಅದು ಯಂತ್ರಗಳನ್ನು ಮಾರಾಟಕ್ಕೂ ಇಡಬೇಕಾಯಿತು. ಭಾರತದಲ್ಲಿಯೂ ಅದರ ಯಂತ್ರಗಳು ಬಾಡಿಗೆಯ ಮೇಲೆ ನಡೆದವು. ವಿದೇಶಿ ಬಂಡವಾಳದ ಕಾನೂನನ್ನು ಕುರಿತ ವಿವಾದದಿಂದಾಗಿ ೧೯೭೮ರಲ್ಲಿ ಆ ಕಂಪನಿ ದೇಶವನ್ನು ಬಿಟ್ಟಾಗ, ಆ ಯಂತ್ರಗಳ ದುರಸ್ತಿಯನ್ನು ವಹಿಸಿಕೊಳ್ಳಲು ಸರಕಾರದ ಸಿಎಂಸಿ ಎಂಬ ಸಂಸ್ಥೆ ಸಿದ್ಧವಾಗಿದ್ದುದು ನಮ್ಮ ಪುಣ್ಯ. ಒಡೆಯ ಹೊರಟುಹೋದರೆ ಬಾಡಿಗೆದಾರನ ಗತಿಯೇನು ಎಂಬ ಪ್ರಶ್ನೆಗೆ ಆಗ ಒಂದು ಉತ್ತರವಿತ್ತು. ಸಣ್ಣ ಸಂಘಕ್ಕೆ ಅಂಥ ಉತ್ತರವನ್ನು ಯಾರು ಒದಗಿಸಿಕೊಡುತ್ತಾರೆ?

ಇನ್ನು ಸ್ವಂತಕ್ಕೆ ಕಟ್ಟಿಸಿದ ತಂತ್ರಾಂಶ. ಅದರ ಗುಣವನ್ನು ತಿಳಿಯಲು ದಕ್ಷಿಣ ಕನ್ನಡದ ಚಾಲಿ ಅಡಿಕೆಯನ್ನೇ ನೋಡಬಹುದು. ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲಿಗೆ ಒಣಗಿಸಿ ಸುಲಿದರೆ ಈ ವರ್ಷ ಅದು ‘ಹೊಸ ಅಡಿಕೆ’. ಮಾರದೆ ಇಟ್ಟರೆ ಬರುವ ವರ್ಷ ಅದೇ ‘ಹಳೆ ಅಡಿಕೆ’. ಇನ್ನೂ ಇಟ್ಟರೆ ‘ಡಬಲ್ ಚೋಲ್’. ಚೀಲ ಇದ್ದಲ್ಲಿಯೇ ಇರುತ್ತದೆ, ಹೆಸರು ಬದಲಾಗುತ್ತದೆ, ಹೆಸರಿನೊಡನೆ ಧಾರಣೆಯೂ ಬದಲಾಗುತ್ತದೆ. ಇದಲ್ಲದೆ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ವಿಂಗಡಣೆಗಳು ಬೇರೆ. ಪಟ್ಟಣದ ಅಂಗಡಿಗಾಗಿ ಮಾಡಿದ ಸಿದ್ಧ ತಂತ್ರಾಂಶಕ್ಕೆ ಸಾಬೂನು ಎಂದೆಂದಿಗೂ ಸಾಬೂನೇ. ಸರಕು ಹಳೆಯದಾದರೆ ಅದರ ಬೆಲೆ ಇಳಿಯಬೇಕೆಂದಷ್ಟೇ ಅದು ಬಲ್ಲದು. ಹಳೆಯದಾದಂತೆ ಹೆಸರು ಬದಲಿಸಿ, ಸಾಧಾರಣವಾಗಿ ಬೆಲೆಯನ್ನೂ ಹೆಚ್ಚಿಸಿಕೊಳ್ಳುವ ಸರಕನ್ನು ಅದಕ್ಕೆ ತಿಳಿಸುವ ಬಗೆ ಹೇಗೆ? ತಿಳಿಸದಿದ್ದರೆ ಈಡಿಟ್ಟ ಅಡಿಕೆಯ ಮೌಲ್ಯ ತಪ್ಪುತ್ತದೆ. ಕೃಷಿಕನಿಗೆ ಸಿಗಬೇಕಾದ ಸಾಲವೂ ತಪ್ಪುತ್ತದೆ. ಊರಿನ ಬಳಕೆಯನ್ನು ಕಂಡು ಬರೆದ ತಂತ್ರಾಂಶದಲ್ಲಿ ಇದು ಅರ್ಧ ದಿನದ ಕೆಲಸ.

ಆದರೆ ಕಟ್ಟಿಸಿದವರ ಕಷ್ಟ ಬೇರೆ ತೆರನಾದುದು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದೇಶದ ಪ್ರತಿಯೊಂದು ರಸೀತಿಯ ರೂಪವೂ ಬದಲಾಗಬೇಕಾಯಿತು. ಚಂದಾ ತಂತ್ರಾಂಶದವರು ಒಮ್ಮೆ ತಿದ್ದಿ ಎಲ್ಲರಿಗೂ ಹಂಚಿದರು. ಸ್ವಂತ ತಂತ್ರಾಂಶವುಳ್ಳವರು ಅದನ್ನು ಬರೆದವನನ್ನು ಹುಡುಕಿಕೊಂಡು ಹೋಗಬೇಕಾಯಿತು. ಆತನು ಅಷ್ಟರಲ್ಲಿ ಬೆಂಗಳೂರಿಗೋ ದುಬೈಗೋ ಹೋಗಿದ್ದರೆ? ಇದು ಹಳ್ಳಿಗೆ ಮಾತ್ರ ಬರುವ ತೊಡಕೆಂದು ಭಾವಿಸಬಾರದು. ೨೦೨೦ರ ಏಪ್ರಿಲಿನಲ್ಲಿ, ಕೊರೋನಾ ಕಾಲದಲ್ಲಿ ನಿರುದ್ಯೋಗಿಗಳ ಅರ್ಜಿಗಳು ಪ್ರವಾಹದಂತೆ ಬಂದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರರು ‘ಕೋಬಾಲ್ ಬಲ್ಲವರು ಸ್ವಯಂಸೇವಕರಾಗಿ ಬನ್ನಿ’ ಎಂದು ಬಹಿರಂಗವಾಗಿ ಕೇಳಿಕೊಂಡರು. ನಲವತ್ತು ವರ್ಷಕ್ಕೂ ಹಳೆಯದಾದ ಗಣಕವ್ಯವಸ್ಥೆ. ಅದರ ಭಾಷೆಯನ್ನು ಬಲ್ಲವರಲ್ಲಿ ಬಹುಮಂದಿ ನಿವೃತ್ತರು. ಅಷ್ಟು ಸಿರಿವಂತ ರಾಜ್ಯಕ್ಕೇ ಹೀಗಾದರೆ ನಮ್ಮ ಸಂಘದ ಕಾರ್ಯದರ್ಶಿಯನ್ನು ದೂರುವುದು ನ್ಯಾಯವಲ್ಲ.

ಖರ್ಚಿನ ಮಾತಿಗೆ ಬರೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕವನ್ನು ಮಾಡಿನೋಡಬಹುದು. ಕೇವಲ ಉದಾಹರಣೆಗಾಗಿ, ಕಟ್ಟಿಸಲು ೫ ಲಕ್ಷ ರೂಪಾಯಿ, ಆಮೇಲೆ ವರ್ಷಕ್ಕೆ ೧ ಲಕ್ಷ ದುರಸ್ತಿಯ ಖರ್ಚು ಎಂದಿಟ್ಟುಕೊಳ್ಳಿ. ಚಂದಾ ವರ್ಷಕ್ಕೆ ೧ ಲಕ್ಷ ೮೦ ಸಾವಿರ. ವರ್ಷಕ್ಕೆ ಉಳಿಯುವುದು ೮೦ ಸಾವಿರ. ೫ ಲಕ್ಷವನ್ನು ಅದರಿಂದ ಭಾಗಿಸಿದರೆ ಆರೂಕಾಲು ವರ್ಷ. ಅಷ್ಟು ಕಾಲ ಬಾಳಿದರೆ ಮಾತ್ರ ಸ್ವಂತದ್ದು ಲಾಭ. ಚಂದಾ ವರ್ಷಕ್ಕೆ ನೂರಕ್ಕೆ ಎಂಟರಂತೆ ಏರುತ್ತ ಹೋದರೆ ಐದನೆಯ ವರ್ಷದಲ್ಲಿಯೇ ತಕ್ಕಡಿ ಸರಿದೂಗುತ್ತದೆ. ಇಷ್ಟರಿಂದಲೇ ತೀರ್ಮಾನವಾಗುವುದಾದರೆ ಲೇಖನವನ್ನು ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಈ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ: ಹೊರಟುಹೋಗುವ ಖರ್ಚು. ಆರನೆಯ ವರ್ಷದಲ್ಲಿ ಈ ತಂತ್ರಾಂಶ ಬೇಡವೆನಿಸಿದರೆ, ಸಾವಿರಾರು ಸದಸ್ಯರ ಖಾತೆಗಳನ್ನು ಹೊಸದಕ್ಕೆ ಸಾಗಿಸಲು ಎಷ್ಟು ಹಣ, ಎಷ್ಟು ದಿನ ಬೇಕು? ಬೆಲೆಪಟ್ಟಿಯಲ್ಲಿ ಇದಕ್ಕೆ ಅಂಕಣವಿರುವುದು ಅಪರೂಪ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ.

ಬಾಡಿಗೆದಾರನಿಗೆ ಬರಬಹುದಾದ ಅಪಾಯಗಳಿಗೆ ಇತ್ತೀಚಿನ ಎರಡು ನಿದರ್ಶನಗಳಿವೆ. ೨೦೨೪ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸಂಸ್ಥೆಯ ಮೇಲೆ ಒತ್ತೆಹಣ ಕೇಳುವ ದುಷ್ಟ ತಂತ್ರಾಂಶದ ದಾಳಿಯಾಯಿತು. ರೋಗ ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ಕಡಿದುಹಾಕಿತು. ಅದರಿಂದ ಸುಮಾರು ಮುನ್ನೂರು ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿಯ ಸೌಕರ್ಯ ತಪ್ಪಿತು. ಅವುಗಳಲ್ಲಿ ಬಹುಪಾಲು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಒಂದು ದಿನದೊಳಗೆ ಸಂಪರ್ಕ ಮರಳಿತು, ನಿಜ. ಆದರೆ ಆ ಬ್ಯಾಂಕುಗಳು ಮಾಡಿದ ತಪ್ಪೇನು? ಒಂದೇ ಛಾವಣಿಯ ಕೆಳಗೆ ಮಲಗಿದ್ದುದಷ್ಟೆ. ಎರಡನೆಯದು ೨೦೨೫ರ ಜುಲೈ ತಿಂಗಳಿನದು. ಗುಜರಾತಿನಲ್ಲಿ ತೈಲ ಶುದ್ಧೀಕರಣಾಗಾರವನ್ನು ನಡೆಸುವ ನಯಾರಾ ಎನರ್ಜಿ ಕಂಪನಿಯ ಮೇಲೆ ಐರೋಪ್ಯ ಒಕ್ಕೂಟವು ನಿರ್ಬಂಧ ಹೇರಿತು; ಅದರ ಬೆನ್ನಿಗೇ ಮೈಕ್ರೋಸಾಫ್ಟ್ ಸಂಸ್ಥೆಯು ಆ ಕಂಪನಿಗೆ ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ಹಣ ಪೂರ್ತಿ ಸಲ್ಲಿಸಿದ್ದರೂ ತನ್ನ ಮಾಹಿತಿಯೇ ತನಗೆ ಸಿಕ್ಕುತ್ತಿಲ್ಲವೆಂದು ಕಂಪನಿಯು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಕೆಲವೇ ದಿನಗಳಲ್ಲಿ ಸೇವೆ ಮತ್ತೆ ದೊರೆಯಿತು. ಅಂಥ ದೊಡ್ಡ ಕಂಪನಿಗೆ ವಕೀಲರಿದ್ದರು. ನಮ್ಮ ಗ್ರಾಮದ ಸಂಘಕ್ಕೆ ದೆಹಲಿ ಬಹಳ ದೂರ.

ಇದರ ಜೊತೆಗೆ ನಮ್ಮ ಕಡೆಯ ಆಟಿ ತಿಂಗಳನ್ನೂ ನೆನೆಯಬೇಕು. ಮರ ಬಿದ್ದು ತಂತಿ ಕಡಿದ ದಿನ ದೂರದ ದತ್ತಾಂಶ ಕೇಂದ್ರ ಎಷ್ಟು ಭದ್ರವಾಗಿದ್ದರೇನು?

ಹಾಗಾದರೆ ಸ್ವಂತಕ್ಕೆ ಕಟ್ಟಿಸುವುದೇ ಲೇಸೆಂದು ನಾವು ಹೇಳುತ್ತಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಎಲ್ಲ ಸಂಘಗಳಲ್ಲಿಯೂ ಒಂದೇ ತೆರನಾಗಿ ನಡೆಯುವ ಕೆಲಸಕ್ಕೆ, ಎಂದರೆ ಜಮಾಖರ್ಚು, ಬಡ್ಡಿ, ತೆರಿಗೆ, ಸಂಬಳ, ಇವುಗಳಿಗೆ ಸ್ವಂತ ತಂತ್ರಾಂಶ ಕಟ್ಟಿಸುವುದು ದುಂದು. ಬಡ್ಡಿ ಕಟ್ಟುವ ಸೂತ್ರ ಮಂಡೆಕೋಲಿಗೊಂದು, ಮಂಡ್ಯಕ್ಕೊಂದು ಇಲ್ಲ. ಅಡಿಕೆಯ ಈಡಿನಂಥ, ಊರಿಗೇ ವಿಶಿಷ್ಟವಾದ ಸಣ್ಣ ಭಾಗವನ್ನು ಮಾತ್ರ ಬೇರೆಯಾಗಿ ಕಟ್ಟಿಸಿ ಜೋಡಿಸಬೇಕು. ಅದನ್ನೂ ಒಂದು ಸಂಘವೇ ಏಕೆ ಹೊರಬೇಕು? ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸಂಘಗಳಿಗೆಲ್ಲ ಅಡಿಕೆಯ ಪ್ರಶ್ನೆ ಒಂದೇ.

ಕೂಡಿ ಕಟ್ಟುವುದು ಈ ಜಿಲ್ಲೆಗೆ ಹೊಸ ಪಾಠವೇನಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿದ್ದುಕೊಂಡು ಸಹಕಾರಿ ಚಳವಳಿಯನ್ನು ಬೆಳೆಸಿದ ನಾಡು ಇದು. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ೧೯೭೩ರಲ್ಲಿ ಕ್ಯಾಂಪ್ಕೋ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಸಂಸ್ಥೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆಯನ್ನು ತೆರೆಯಿತು. ಒಬ್ಬೊಬ್ಬ ಕೊಕ್ಕೋ ಬೆಳೆಗಾರನಿಗೂ ಒಂದೊಂದು ಕಾರ್ಖಾನೆ ಅಸಾಧ್ಯ. ಹಾಗೆಂದು ಕಾರ್ಖಾನೆ ಪರರದೇ ಆಗಿರಬೇಕಾಗಿಯೂ ಇರಲಿಲ್ಲ. ತಂತ್ರಾಂಶದ ವಿಷಯದಲ್ಲಿ ಈ ಮಾರ್ಗ ಏಕೆ ಹೊಳೆಯುವುದಿಲ್ಲವೆಂಬುದು ನಮಗೆ ಅಚ್ಚರಿ.

ಒಂದು ದೊಡ್ಡ ಪ್ರಯತ್ನವಂತೂ ನಡೆದಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣದ ಯೋಜನೆಗೆ ಕೇಂದ್ರ ಸಚಿವ ಸಂಪುಟವು ೨೦೨೨ರ ಜೂನ್ ೨೯ರಂದು ಒಪ್ಪಿಗೆಯಿತ್ತಿತು. ಮೊದಲು ಗೊತ್ತುಮಾಡಿದ್ದು ೬೩,೦೦೦ ಸಂಘಗಳು, ಐದು ವರ್ಷ, ೨,೫೧೬ ಕೋಟಿ ರೂಪಾಯಿ. ದೇಶಕ್ಕೆಲ್ಲ ಒಂದೇ ಸಾಮಾನ್ಯ ತಂತ್ರಾಂಶ. ಆದರೆ ಅದು ದೇಶಭಾಷೆಗಳಲ್ಲಿರಬೇಕು, ರಾಜ್ಯಗಳ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಲು ಬರಬೇಕು ಎಂಬುದು ಅದರ ಸಂಕಲ್ಪ. ಇದು ಚಂದಾ ತಂತ್ರಾಂಶವೂ ಅಲ್ಲ, ಒಬ್ಬರಿಗಾಗಿ ಕಟ್ಟಿಸಿದ್ದೂ ಅಲ್ಲ. ಇಬ್ಬರ ಗುಣವನ್ನೂ ಕೂಡಿಸಿಕೊಳ್ಳಬಲ್ಲದು. ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಮಾರ್ಪಾಡು ರಾಜ್ಯದ ಮಟ್ಟದಲ್ಲಿಯೇ ನಿಂತುಬಿಟ್ಟರೆ ಸಾಲದು. ಕರ್ನಾಟಕಕ್ಕೆಲ್ಲ ಅಡಿಕೆ ಒಂದೇ ಎಂದು ತಿಳಿದವರು ಶಿವಮೊಗ್ಗದ ಕೆಂಪಡಿಕೆಯನ್ನೂ ಸುಳ್ಯದ ಚಾಲಿಯನ್ನೂ ಒಂದೇ ಮನೆಯಲ್ಲಿ ತುಂಬಿಯಾರು. ಮೇಲಾಗಿ, ಎಲ್ಲರೂ ಒಂದೇ ಛಾವಣಿಯ ಕೆಳಗೆ ಬಂದಷ್ಟೂ ೨೦೨೪ರ ಜುಲೈಯಂಥ ದಿನದ ಭಯ ಹೆಚ್ಚೇ ಆಗುತ್ತದೆ.

ಆದಕಾರಣ, ತಂತ್ರಾಂಶ ಯಾರದೇ ಆಗಿರಲಿ, ಕರಾರಿನಲ್ಲಿ ಮೂರು ಮಾತುಗಳು ಸ್ಪಷ್ಟವಾಗಿರಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ತಿಂಗಳಿಗೊಮ್ಮೆ ಸಂಘದ ಸಮಸ್ತ ಲೆಕ್ಕದ ಪ್ರತಿಯೊಂದು, ಬೇರೆ ಯಾವ ತಂತ್ರಾಂಶವೂ ಓದಬಲ್ಲ ಸರಳ ಪಟ್ಟಿಯ ರೂಪದಲ್ಲಿ, ಸಂಘದ ಕಟ್ಟಡದೊಳಗಿನ ಪೆಟ್ಟಿಗೆಗೆ ಬಂದು ಸೇರಬೇಕು. ಸಂಪರ್ಕ ಕಡಿದಾಗ ಆ ದಿನದ ರಸೀತಿಯನ್ನು ಅಲ್ಲಿಯೇ ಬರೆದುಕೊಂಡು, ಸಂಪರ್ಕ ಬಂದ ಮೇಲೆ ಕೇಂದ್ರಕ್ಕೆ ಸೇರಿಸುವ ಅನುಕೂಲವಿರಬೇಕು. ಕಟ್ಟಿಸಿದ ತಂತ್ರಾಂಶವಾದರೆ ಅದರ ಮೂಲಬರಹವನ್ನೂ ವಿವರಣೆಯನ್ನೂ ಸಂಘದ ವಶಕ್ಕೆ ಕೊಟ್ಟ ಮೇಲೆಯೇ ಕೊನೆಯ ಕಂತಿನ ಹಣ ಪಾವತಿಯಾಗಬೇಕು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ತೆರೆದು, ಹತ್ತು ಸದಸ್ಯರ ಖಾತೆಗಳನ್ನು ಅವರ ಪಾಸುಪುಸ್ತಕದೊಡನೆ ತಾಳೆ ನೋಡುವುದೂ ಅವಶ್ಯ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಸಂಘದ ಮಹಾಸಭೆ ಸೆಪ್ಟೆಂಬರ್ ತಿಂಗಳೊಳಗೆ ನಡೆಯಬೇಕೆಂಬ ಕಟ್ಟಳೆಯಿದೆ. ಅಲ್ಲಿ ಲಾಭಾಂಶದ ಪ್ರಶ್ನೆ ಬರುತ್ತದೆ, ಗೊಬ್ಬರ ತಡವಾದ ಪ್ರಶ್ನೆ ಬರುತ್ತದೆ. ವಾಚಕರಲ್ಲಿ ಯಾರ ತಂದೆತಾಯಿಯರು ಇಂಥ ಸಂಘದ ಸದಸ್ಯರಾಗಿದ್ದಾರೋ ಅವರು ಈ ಸಲ ಮನೆಯಲ್ಲಿ ಇನ್ನೊಂದು ಪ್ರಶ್ನೆಯನ್ನು ಬರೆದುಕೊಡಲಿ: ಕಳೆದ ತಿಂಗಳ ಲೆಕ್ಕದ ಪ್ರತಿ ಸಂಘದ ಕಟ್ಟಡದಲ್ಲಿ ಇದೆಯೇ, ಅದನ್ನು ಕೊನೆಯ ಸಲ ತೆರೆದು ನೋಡಿದವರು ಯಾರು?