ಚೀತಾದ ಹೆಜ್ಜೆ, ಗಣಕದ ಲೆಕ್ಕ

2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋ ಉದ್ಯಾನಕ್ಕೆ ತರಲಾಯಿತು. 748 ಚದರ ಕಿಲೋಮೀಟರು ವಿಸ್ತಾರದ ಆ ಕಾಡಿನಲ್ಲಿ 21 ಚೀತಾಗಳು ಬದುಕಬಲ್ಲವೆಂದು, ಬೇಟೆಗೆ ಸಿಗುವ ಪ್ರಾಣಿಗಳ ಸಾಂದ್ರತೆಯಿಂದ ಅಂದಾಜು ಮಾಡಿದ್ದರು. ಆಹಾರದ ಲೆಕ್ಕವೇನೋ ಆಯಿತು, ಅಲೆದಾಟದ ಲೆಕ್ಕ? ನಮೀಬಿಯದಲ್ಲಿ ಗಂಡು ಚೀತಾಗಳ ನೆಲೆಗಳ ನಡುವೆ ಸುಮಾರು 20 ಕಿಲೋಮೀಟರು ಅಂತರವಿರುತ್ತದೆ. 2023ರಲ್ಲಿ ಇಲ್ಲಿ ಬಿಡುಗಡೆಯಾದ ಕೆಲವು ಚೀತಾಗಳು ಎಲ್ಲೆ ದಾಟಿ ಹಳ್ಳಿಗಳತ್ತ ಸುಳಿದುವು; ಮಂಪರು ಮದ್ದು ಕೊಟ್ಟು ಹಿಂದಕ್ಕೆ ತರಬೇಕಾಯಿತು.

ಪ್ರಾಣಿಯ ನಡೆಯ ದೂರ, ತಿರುವು, ನೀರು ನೆರಳುಗಳ ಸೆಳೆತ ಇವನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಿ ಅದರ ಸಂಚಾರವನ್ನು ಮುಂಗಾಣುವ ಮಾದರಿಗಳು ಈಗ ಉಂಟು. ಆದರೆ ಯಾವ ಕಾಡಿನ ಜಾಡಿನಿಂದ ಮಾದರಿಯನ್ನು ಕಟ್ಟಿದರೋ ಅದೇ ಜಾಡಿನಿಂದ ಅದನ್ನು ಒರೆಗೆ ಹಚ್ಚುವುದು, ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದಂತೆ. ವಿದ್ಯಾರ್ಥಿಗಳಿಗೆ ಅದು ಪ್ರಿಯವಾದೀತು, ವಿಜ್ಞಾನಕ್ಕೆ ಸಲ್ಲದು. ಬಿಡುಗಡೆಗೆ ಮೊದಲೇ ಮುನ್ನೆಣಿಕೆಯನ್ನು ಪ್ರಕಟಿಸಿ, ಕೊರಳಪಟ್ಟಿಯ ರೇಡಿಯೋ ತಿಳಿಸುವ ನಿಜವಾದ ಜಾಡಿನೊಡನೆ ಹೋಲಿಸಬೇಕೆಂಬುದು ನನ್ನ ಮತ. ಎಣಿಕೆ ತಪ್ಪಿದರೆ ತಪ್ಪಲಿ. ಹೊಸ ನೆಲದ ಯಾವ ಸೆಳೆತವನ್ನು ನಾವು ಗಣಿಸಲಿಲ್ಲವೆಂಬುದು ಆಗ ತಿಳಿದೀತು. ಮುಂದಿನ ಚೀತಾವನ್ನು ಬಿಡುವ ಮುನ್ನ ಎಚ್ಚರಿಸಬೇಕಾದ ಹಳ್ಳಿಗಳು ಯಾವುವೆಂಬುದೂ.