ಪಾಚಿಯ ಹಾಳೆ ಬರಲಿ, ಪಾಚಿ ಬೆಳೆದವರಿಗೆ ಬೆಲೆಯೂ ಬರಲಿ



ಮಲ್ಚಿಂಗ್ ಪೇಪರ್ ಹಾಸಿ ಟೊಮ್ಯಾಟೊ, ಮೆಣಸಿನಕಾಯಿ, ಕಲ್ಲಂಗಡಿ ಬೆಳೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಕಳೆ ಕಮ್ಮಿ, ನೀರು ಉಳಿತಾಯ, ನಿಜ. ಬೆಳೆ ಮುಗಿದ ಮೇಲೆ? ಕೂಲಿ ಕೊಟ್ಟು ಕೀಳಿಸಿದರೂ ಚೂರುಚೂರಾಗಿ ಹರಿದು ಮಣ್ಣಲ್ಲೇ ಉಳಿಯುತ್ತದೆ. ಕಿತ್ತದ್ದನ್ನು ಮಣ್ಣು ಮೆತ್ತಿದೆ ಅಂತ ಗುಜರಿಯವನೂ ಮುಟ್ಟುವುದಿಲ್ಲ. 2014ರ ತೋಟಗಾರಿಕೆ ಮಿಷನ್ ಮಾರ್ಗಸೂಚಿಯಲ್ಲಿ ಈ ಪೇಪರ್ ಹಾಸಲು ಹೆಕ್ಟೇರಿಗೆ 32,000 ರೂಪಾಯಿ ಖರ್ಚೆಂದು ಲೆಕ್ಕ ಹಾಕಿ, ಅರ್ಧ ಸಹಾಯಧನ ಇಟ್ಟರು. ಹಾಸುವ ಲೆಕ್ಕವೇನೋ ಆಯಿತು, ಕೀಳುವ ಕೂಲಿ ಯಾರ ತಲೆಗೆ? ನಮ್ಮ ತಲೆಗೇ.

ಈಗ ಕಡಲಪಾಚಿಯಿಂದ ಮಾಡಿದ, ಕೊಳೆತು ಮಣ್ಣಾಗುವ ಹಾಳೆಯ ಮಾತು ಕೇಳಿಬರುತ್ತಿದೆ. ಇದೇನು ಮಾಯಮಂತ್ರವಲ್ಲ. ಕೆಂಪು ಪಾಚಿಯನ್ನು ತೊಳೆದು, ಕ್ಷಾರದ ನೀರಿನಲ್ಲಿ ಕಾಯಿಸಿದರೆ ಗಂಜಿಯಂಥ ಅಂಟು ಬರುತ್ತದೆ. ಅದರ ಹೆಸರು ಕ್ಯಾರಗೀನನ್. ಅದಕ್ಕೆ ಗ್ಲಿಸರಿನ್ ಬೆರೆಸಿ ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆ. ಗ್ಲಿಸರಿನ್ ಇಲ್ಲದಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ಲಂಡನ್ನಿನ ನೋಟ್‌ಪ್ಲಾ ಎಂಬ ಕಂಪನಿ ಪಾಚಿಯಿಂದ ಪೊಟ್ಟಣ ಮಾಡಿದ್ದಕ್ಕೆ 2022ರಲ್ಲಿ ಅರ್ಥ್‌ಶಾಟ್ ಬಹುಮಾನ ಬಂತು.

ಆದರೆ ಈ ಹಾಳೆಗೆ ಒಂದು ದೋಷ ಇದೆ. ನೀರು ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಒಣ ಪದಾರ್ಥದ ಪೊಟ್ಟಣಕ್ಕೆ ಸರಿ. ಹೊಲದಲ್ಲಿ ಮಳೆ, ಡ್ರಿಪ್ ನೀರು ತಡೆದು ಮೂರು ನಾಲ್ಕು ತಿಂಗಳು ನಿಲ್ಲಬೇಕಾದರೆ ಬೇರೆ ವಸ್ತು ಬೆರೆಸಲೇಬೇಕು. ಏನು ಬೆರೆಸಿದರು, ಅದೂ ಕೊಳೆಯುತ್ತದೆಯೇ ಅಂತ ಕೇಳುವ ಹಕ್ಕು ನಮಗಿದೆ. ‘ಕಾಂಪೋಸ್ಟ್ ಆಗುತ್ತದೆ’ ಅಂತ ಚೀಟಿ ಅಂಟಿಸಿದ್ದೆಲ್ಲ ಹೊಲದಲ್ಲಿ ಕೊಳೆಯುವುದಿಲ್ಲ. ಕಾರ್ಖಾನೆಯ ಬಿಸಿ ಕಾಂಪೋಸ್ಟ್ ರಾಶಿಯೇ ಬೇರೆ, ನಮ್ಮ ಎರೆಮಣ್ಣೇ ಬೇರೆ.

ಇನ್ನು ಈ ಪಾಚಿ ಬೆಳೆಯುವವರು ಯಾರು? ತಮಿಳುನಾಡಿನ ರಾಮನಾಥಪುರ ಕಡಲತೀರದ ಮೀನುಗಾರ ಹೆಣ್ಣುಮಕ್ಕಳು. 12 ಅಡಿ ಉದ್ದಗಲದ ಬಿದಿರಿನ ತೆಪ್ಪಕ್ಕೆ 60 ಕಿಲೋ ಬೀಜದ ಪಾಚಿ ಕಟ್ಟಿದರೆ 45 ದಿನಕ್ಕೆ ಸುಮಾರು 240 ಕಿಲೋ ಹಸಿ ಪಾಚಿ. ಒಣಗಿಸಿದರೆ ಹತ್ತಕ್ಕೊಂದು ಪಾಲು. 2000ದ ಆಸುಪಾಸಿನಲ್ಲಿ ಪೆಪ್ಸಿ ಕಂಪನಿ ಭಾವನಗರದ ಸಂಶೋಧನಾ ಸಂಸ್ಥೆಯಿಂದ ತಂತ್ರಜ್ಞಾನ ಪಡೆದು ಅಲ್ಲಿ ಈ ಬೆಳೆ ಶುರು ಮಾಡಿಸಿತು. 2008ರಲ್ಲಿ ಆ ವ್ಯವಹಾರ ಬೇರೆ ಕಂಪನಿಗೆ ಹೋಯಿತು. 2013ರ ನಂತರ ಕಡಲು ಬಿಸಿಯಾಗಿ ಬೆಳೆ ಸತ್ತು, ಇಳುವರಿ ನೆಲ ಕಚ್ಚಿತು. ಕಂಪನಿ ಕೈ ಬದಲಾಯಿಸಬಹುದು. ತೆಪ್ಪ ಕಟ್ಟಿದವರು ಎಲ್ಲಿಗೆ ಹೋಗಬೇಕು?

ಇದು ನಮ್ಮದೇ ಕಥೆ ಅಲ್ಲವೇ? ಬೆಂಬಲ ಬೆಲೆ ಸಾರುವ 22 ಬೆಳೆಗಳ ಪಟ್ಟಿಯಲ್ಲಿ ಪಾಚಿ ಇಲ್ಲ, ನಮ್ಮ ಟೊಮ್ಯಾಟೊವೂ ಇಲ್ಲ. 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಪಾಚಿಗೆ 640 ಕೋಟಿ ರೂಪಾಯಿ ಇಟ್ಟರು. ತೆಪ್ಪಕ್ಕೆ ಹಣ ಕೊಟ್ಟರೆ ಸಾಲದು. ಬೆಳೆದದ್ದಕ್ಕೆ ಬೆಲೆ ಕಟ್ಟದಿದ್ದರೆ ಬೆಳೆ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ. ಇದನ್ನು ಟೊಮ್ಯಾಟೊ ರಸ್ತೆಗೆ ಸುರಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

‘ಕಡಲಿನವರ ಕಷ್ಟ ನಮಗ್ಯಾಕೆ’ ಅನ್ನಬೇಡಿ. ಗೊಬ್ಬರದಂಗಡಿಯಲ್ಲಿ ಬಾಟಲಿಗಟ್ಟಲೆ ಪಾಚಿ ರಸ ಕೊಂಡು ಸಿಂಪಡಿಸುವವರು ನಾವೇ. ನಾಳೆ ಹಾಳೆ ಕೊಳ್ಳುವವರೂ ನಾವೇ. ಅಲ್ಲಿ ಬೆಳೆದವರಿಗೆ ಕಮ್ಮಿ, ಇಲ್ಲಿ ಕೊಳ್ಳುವವರಿಗೆ ಜಾಸ್ತಿ ಆದರೆ ನಡುವೆ ಕೊಬ್ಬುವವನು ಒಬ್ಬನೇ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ತೆಪ್ಪ ಕಟ್ಟುವ ಮೊದಲೇ ಪಾಚಿಗೆ ಬೆಲೆ ಬರೆದುಕೊಡಬೇಕು, ಬೆಳೆ ಸತ್ತರೆ ವಿಮೆ ಇರಬೇಕು. ಎರಡು, ಕೃಷಿ ವಿಶ್ವವಿದ್ಯಾಲಯಗಳು ಕೆಂಪು ಮಣ್ಣು, ಕಪ್ಪು ಮಣ್ಣು ಎರಡರಲ್ಲೂ ಹಾಸಿ ನೋಡಿ, ಎಷ್ಟು ತಿಂಗಳಿಗೆ ಕೊಳೆಯಿತು ಅಂತ ಹೇಳಿದ ಮೇಲೇ ಹಾಳೆ ಮಾರಬೇಕು. ಮೂರು, ಅಲ್ಲಿಯತನಕ ಪ್ಲಾಸ್ಟಿಕ್ ಪೇಪರ್ ಮಾರಿದವರೇ ಅದನ್ನು ಹೊಲದಿಂದ ವಾಪಸ್ ಒಯ್ಯಬೇಕು.

ಮುಂದಿನ ಸಂಘದ ಸಭೆಯಲ್ಲಿ ಈ ಮೂರನ್ನೂ ಚರ್ಚಿಸಿ, ಠರಾವು ಮಾಡಿ, ತೋಟಗಾರಿಕೆ ಇಲಾಖೆಗೆ ಕಳಿಸಿ. ಹಾಳೆ ಬಂದ ಮೇಲೆ ರೇಟು ಕೇಳುತ್ತಾ ನಿಂತರೆ, ಹೇಳಿದ ರೇಟಿಗೆ ತಲೆಯಾಡಿಸಬೇಕಾಗುತ್ತದೆ.