ಹಾಡು ಯಾರದ್ದು? ಮೆಣಸಿನಕಾಯಿ ಹೇಳೀತೆ?

ಕೊಣನೂರಿನ ತರಕಾರಿ ಅಂಗಡಿಯಲ್ಲಿ ಆಲೂಗೆಡ್ಡೆ, ಟೊಮೆಟೊ, ಮೆಣಸಿನಕಾಯಿ ರಾಶಿ ಬಿದ್ದಿರುತ್ತವೆ. ಊರಾಚೆ ಹೊಲಗಳಲ್ಲಿ ಹೊಗೆಸೊಪ್ಪು. ಈ ನಾಲ್ಕೂ ಮೂಲತಃ ನಮ್ಮವಲ್ಲ. ಅಮೆರಿಕ ಖಂಡದಿಂದ ಬಂದವು. 1492ರಲ್ಲಿ ಕೊಲಂಬಸ್ ಅತ್ತ ಹೋಗುವ ಮುನ್ನ ಇಲ್ಲಿ ಯಾರೂ ಇವುಗಳ ರುಚಿ ಕಂಡಿರಲಿಲ್ಲ. ಈ ಸಂಗತಿಗೂ ದೇವರನಾಮಕ್ಕೂ ನಂಟಿದೆ ಎಂದರೆ ನಂಬುವಿರಾ?

ಮೆಣಸಿನಕಾಯಿಯನ್ನೇ ಮಾತಾಡಿಸುವ ಹಾಡೊಂದು ಪುರಂದರದಾಸರ ಹೆಸರಿನಲ್ಲಿದೆ. ಆಹಾರದ ಚರಿತ್ರೆ ಬರೆದ ಕೆ.ಟಿ. ಅಚ್ಚಯ ಅವರು 1994ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಅದನ್ನು ಉಲ್ಲೇಖಿಸಿದ್ದಾರೆ. ದಾಸರು ತೀರಿಕೊಂಡದ್ದು 1564ರಲ್ಲಿ. ಆದ್ದರಿಂದ ಅಷ್ಟರೊಳಗೆ ಮೆಣಸಿನಕಾಯಿ ಕನ್ನಡ ನಾಡನ್ನು ತಲಪಿತ್ತು ಎಂಬುದು ವಾದ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ನಡುವೆ 54 ವರ್ಷ ಸಿಗುತ್ತದೆ. ಸಾಧ್ಯವೇನೋ ಹೌದು. ಆದರೆ ಹಾಡು ದಾಸರದ್ದೇ ಎಂಬುದಕ್ಕೆ ಸಾಕ್ಷಿ ಏನು? 'ಆಗ ಮೆಣಸಿನಕಾಯಿ ಇತ್ತಲ್ಲ' ಎಂದರೆ ಗಾಣದೆತ್ತಿನಂತೆ ಸುತ್ತಿ ಅಲ್ಲಿಗೇ ಬಂದಂತಾಯಿತು. ಇಬ್ಬರು ಒಬ್ಬರಿಗೊಬ್ಬರು ಜಾಮೀನು ನಿಂತರೆ ನ್ಯಾಯಾಲಯ ಒಪ್ಪುವುದಿಲ್ಲ; ವಿಜ್ಞಾನವೂ ಒಪ್ಪದು. 'ಸಾಧ್ಯ' ಬೇರೆ, 'ಸಿದ್ಧ' ಬೇರೆ.

ಹಾಗಾದರೆ ಅಂಕಿತ? ಪುರಂದರದಾಸರದು 'ಪುರಂದರ ವಿಠಲ', ಕನಕದಾಸರದು 'ಕಾಗಿನೆಲೆಯಾದಿಕೇಶವ', ವಾದಿರಾಜರದು 'ಹಯವದನ', ವಿಜಯದಾಸರದು 'ವಿಜಯ ವಿಠಲ'. ಅಂಕಿತವೆಂದರೆ ರುಜು ಇದ್ದಂತೆ. ಆದರೆ ಇದು ಕಾಗದದ ಮೇಲಿನ ರುಜುವಲ್ಲ, ನಾಲಿಗೆಯ ಮೇಲಿನ ರುಜು. ಬಾಯಿಂದ ಬಾಯಿಗೆ ಸಾಗುವಾಗ ಕಡೆಯ ಸಾಲು ಮರೆತವರು ತಮಗೆ ಗೊತ್ತಿದ್ದ ದೊಡ್ಡ ಹೆಸರನ್ನೇ ಸೇರಿಸಿಬಿಡಬಹುದು. ಇತ್ತ ಸಂಗೀತ ಕಲಿಯುವ ಮಕ್ಕಳೆಲ್ಲ ಮೊದಲು ಹಾಡುವ 'ಲಂಬೋದರ ಲಕುಮಿಕರ' ಗೀತೆಯಲ್ಲಿ ಅಂಕಿತವೇ ಇಲ್ಲ. ಆದರೂ ಅದು ಪುರಂದರದಾಸರದೆಂದೇ ಪ್ರಸಿದ್ಧ.

ಮುದ್ರಣ ಬಂದದ್ದು ಬಹಳ ತಡವಾಗಿ. ಜರ್ಮನ್ ಪಾದ್ರಿ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದು 1850ರ ಸುಮಾರಿಗೆ, ಅಂದರೆ ದಾಸರ ಕಾಲದ ಸುಮಾರು 300 ವರ್ಷಗಳ ನಂತರ. ಮುಂದೆ ಬೆಟಗೇರಿ ಕೃಷ್ಣಶರ್ಮ, ಬೆಂಗೇರಿ ಹುಚ್ಚುರಾಯರಂಥವರು ಹಾಡುಗಳನ್ನು ಕಲೆಹಾಕಿ ಸಂಪಾದಿಸಿದರು. ಇನ್ನು ಧಾಟಿಯನ್ನು ನಂಬೋಣವೆಂದರೆ, ಇಂದು ಕೇಳುವ ಬಹುಪಾಲು ದೇವರನಾಮಗಳ ರಾಗ ಸಂಯೋಜನೆ ನಂತರದವರದು. ಆದ್ದರಿಂದ ಅಂಕಿತ, ಹಸ್ತಪ್ರತಿಯ ವಯಸ್ಸು, ಭಾಷೆ, ಪ್ರಾಸ, ಹೇಳಿರುವ ವಸ್ತು ಇವನ್ನೆಲ್ಲ ಒಟ್ಟಿಗೆ ತೂಗಬೇಕು. ಯಾವುದೊಂದೂ ಸಾಲದು.

ಈ ತೊಡಕು ನಮ್ಮದು ಮಾತ್ರವಲ್ಲ. 17ನೇ ಶತಮಾನದ ಫ್ರಾನ್ಸಿನಲ್ಲಿ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಭಾರಿ ಮನ್ನಣೆಯಿತ್ತು. ಎನ್ಮೊಂಡ್ ಗೋಟಿಯೆ, ಡೆನಿ ಗೋಟಿಯೆ ಎಂಬ ದಾಯಾದಿಗಳಿಬ್ಬರೂ ಅದರಲ್ಲಿ ನಿಪುಣರು. ಹಸ್ತಪ್ರತಿಗಳಲ್ಲಿ ಎಷ್ಟೋ ಕಡೆ ಬರೀ 'ಗೋಟಿಯೆ' ಎಂದಿದೆ! ಅಲ್ಲಿ ಬರಹವೇ ಇತ್ತು. ಆದರೂ ಯಾವ ಕೃತಿ ಯಾರದೆಂದು ವಿದ್ವಾಂಸರು ತಲೆ ಕೆರೆದುಕೊಳ್ಳುವುದು ತಪ್ಪಲಿಲ್ಲ.

ಹೆಸರು ಖಚಿತವಾಗದಿದ್ದರೆ ಹಾಡಿನ ಬೆಲೆ ಇಳಿಯುತ್ತದೆಯೆ? ಕೊಣನೂರಿಗೆ ಹತ್ತಿರದ ರುದ್ರಪಟ್ಟಣ ಸಂಗೀತಗಾರರ ತವರು, ಆರ್.ಕೆ. ಶ್ರೀಕಂಠನ್ (1920-2014) ಹುಟ್ಟಿದ ಊರು. ಅಲ್ಲಿಯ ಕಛೇರಿಯಲ್ಲಿ ಕೇಳುಗ ತಲೆದೂಗುವುದು ಮಾತು, ಭಾವ, ಲಯ ಹದವಾಗಿ ಬೆರೆತಾಗ. ಹೆಸರನ್ನು ಮುಚ್ಚಿಟ್ಟು ಕೇಳಿದಾಗಲೂ ಹಾಡು ನಿಂತರೆ ಅದು ಒಳ್ಳೆಯ ಹಾಡು. ಸಪ್ಪೆ ಹಾಡಿಗೆ ದೊಡ್ಡ ಅಂಕಿತ ಅಂಟಿಸಿದರೆ ದಾಸರಿಗೇ ಅನ್ಯಾಯ. ಅಂಕಿತವಿಲ್ಲವೆಂದು ಒಳ್ಳೆಯ ಹಾಡನ್ನು ಕೈಬಿಟ್ಟರೆ ಅದನ್ನು ಕಟ್ಟಿದ ಯಾವುದೋ ತಾಯಿಗೆ ಅನ್ಯಾಯ.

ಅಜ್ಜಿಯರ ಬಾಯಲ್ಲಿ ಇಂಥ ಹಾಡುಗಳು ಇನ್ನೂ ಉಳಿದಿವೆ. ಅಜ್ಜಿ ಹೋದರೆ ಹಾಡೂ ಹೋಯಿತು. ಮಕ್ಕಳು ಈ ರಜೆಯಲ್ಲಿ ಒಂದು ನೋಟ್‌ಬುಕ್ ತೆಗೆದುಕೊಳ್ಳಲಿ. ಅಜ್ಜಿ ಹೇಳಿದಂತೆಯೇ ಹಾಡನ್ನು ಬರೆದು, ಯಾರಿಂದ ಕಲಿತರು, ಯಾವ ಊರು, ಬರೆದುಕೊಂಡ ತಾರೀಕು ಯಾವುದು ಎಂಬುದನ್ನು ಕೆಳಗೆ ಸೇರಿಸಲಿ. ತಂದೆತಾಯಿ ಪಕ್ಕದಲ್ಲಿ ಕೂತು ಒಂದನ್ನು ಮಾತ್ರ ನೋಡಿಕೊಳ್ಳಲಿ: ಅಜ್ಜಿ ಹೇಳದ ಹೆಸರನ್ನು ಅಲ್ಲಿ ಬರೆಯುವುದು ಬೇಡ.